ಒಡಪು ಹಾಕಾಕ ಹೂಲಿಗೆ ಹೊಂಟೇನಿ

ಏನ್ರಿ,

ರೊಟ್ಟಿ ಬುಟ್ಟ್ಯಾಗ ಅದಾವ, ಬದನಿಕಾಯಿ ಪಲ್ಯಾ ಒಲಿ ಬಾಜೂಕ ಮುಚ್ಚಿಟ್ಟೇನಿ. ಎಮ್ಮಿಗೆ ನೀರ ಕುಡಸ್ರಿ. ನಾ ಹೂಲಿಗೆ, ನನ್ನ ಬಸರಿ ತಂಗಿ ಉಮಾಶ್ರೀ ಕುಬಸಕ್ಕ ಹೊಂಟೇನಿ. ಅಲ್ಲಿ ಹೆಣ್ಮಕ್ಕಳೆಲ್ಲಾ ಕೂಡಿ ಒಡಪು ಹಾಕೂದೈತಿ, ನಾನೂ ಹಾಕಾಕಿ.

ನಿನ್ನೆ ನಿಮ್ಮ ಗೆಳ್ಯಾರ ಮುಂದ, "ಬಾಗಲಾ ಹಾಕಿದ್ರೂ ಹೊರಗ ಹೋಗತೈತಿ, ಹತ್ರ ಹ್ವಾದ್ರ ಕಣ್ಣೀರ ತರಸತೈತಿ, ಏನದು?" ಅಂತ ಕೇಳಿದೆ. ಒಲಿ ಹೊಗಿ ಅನ್ನೂದು ಒಬ್ಬರಿಗೂ ಹೊಳೀಲಿಲ್ಲ. ಸೋತಾವ್ರು ಬಾಯಿಮಾತಿಗೆ ಒಂದ ಊರ ಕೊಡಬೇಕಲ್ಲ, ನೀವ ಕಿತ್ತೂರ ಕೊಟ್ರಿ. ಊರ ಗೆದ್ದಾಕಿ ಅಲ್ಲಿ ಹೆಂಗ ಮೆರದೆ ಅಂತ ಹೇಳೂದು ಮದಲಿಂದ ಬಂದ ರೂಢಿ. ಆನಿ ಮ್ಯಾಲ ಕುಂತ ಕ್ವಾಟಿ ಬಾಗಲಾ ದಾಟಿದೆ, ನಿಮ್ಮನ್ನ ಆನಿ ಲದ್ದಿ ಬಳ್ಯಾಕ ಇಟ್ಕೊಂಡೆ ಅಂದೆ. ಲಗಮಪ್ಪಣ್ಣ ನಕ್ಕ ನಕ್ಕ ಚಾ ಚೆಲ್ಲಿದ. ನೀವಷ್ಟ ಮಾರಿ ಗಂಟ ಹಾಕಿ, "ಇನ್ಮ್ಯಾಲ ನಾಕ ಮಂದ್ಯಾಗ ಒಡಪು ಹಾಕಬ್ಯಾಡ" ಅಂದ್ರಿ.

ಹಾಕತೇನಿ. ಮಂದ್ಯಾಗ ಬಿಟ್ಟ ಮತ್ತ ಯಾರಿಗೆ ಹಾಕ್ಲಿ, ಎಮ್ಮಿಗೇನು?

ಸಂಜೀಕ ಕರ್ಯಾಕ ಬರ್ರಿ. ಬಂದ್ರ ಬಾಗಲದಾಗ ನಿಂದರಬ್ಯಾಡ್ರಿ, ಒಳಗ ಬಂದ ಕುಂತು ನೀವೂ ಒಂದ ಒಡಪು ಹಾಕ್ರಿ. ನಾ ಸೋತ್ರ ಯಾವ ಊರಾಗ ಏನ ಬಳ್ಯಾಕ ಹಚ್ಚತೀರೋ ಹಚ್ಚರಿ. ಎಲ್ಲಾರಗಿಂತ ಮದಲ ನಾನ ನಗತೇನಿ.

ಸೋಮವ್ವ