ಹೆಸರು ನೋಡಿ ಬಿಟ್ಟ ಫೈಲ್

ಮಾರ್ಚ್ 3, ಸಂಜೆ

ಇವತ್ತು ಮೂರು ಆಪರೇಟಿಂಗ್ ಸಿಸ್ಟಮ್ ನೋಡಿದೆ. ಮೂರೂ ಫೇಲ್. ನಂಬಿ ಬಳಸಬಹುದು ಎಂದು ನಮ್ಮ ಸಮಿತಿ ಒತ್ತುವ ಮುದ್ರೆಗೆ ಇರುವುದೊಂದೇ ನಿಯಮ — ಸೋರ್ಸ್ ಕೋಡ್, ಅಂದರೆ ಬರೆದವರ ಮೂಲ ಬರಹ, ತೆರೆದು ಓದಲಾಗದ ಫೈಲ್ ಒಂದೂ ಇರಕೂಡದು. ಮುಚ್ಚಿದ ಫೈಲಿನೊಳಗೆ ಏನು ನಡೆಯುತ್ತದೋ ಯಾರು ಬಲ್ಲರು. ಇಷ್ಟು ಹೇಳಿದ್ದಕ್ಕೆ ನಾನು ಮೊಸರಲ್ಲಿ ಕಲ್ಲು ಹುಡುಕುತ್ತೇನಂತೆ. ಹುಡುಕುತ್ತೇನೆ. ಹಲ್ಲು ಮುರಿದ ಮೇಲೆ ಹುಡುಕಿ ಏನು ಪ್ರಯೋಜನ?

ಮಾರ್ಚ್ 9

ಅಕ್ಕನ ಫೋನ್. ಹೊಡೆಯುವ ಗಂಡಂದಿರನ್ನು ಬಿಟ್ಟು ಓಡಿಬಂದ ಹೆಂಗಸರಿಗೆ ಅವಳದೊಂದು ಆಶ್ರಯಮನೆ. ವಿಳಾಸ ಗುಟ್ಟು. ಬಂದವರಿಗೆ ಹೊಸ ಹೆಸರು ಬೇರೆ ಇಡುತ್ತಾಳೆ. ಯಾರೋ ಆರು ಹಳೆಯ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ನಮ್ಮ ಮುದ್ರೆಯ ಸಿಸ್ಟಮ್ ಹಾಕಿದರೆ ವೈಫೈ ಬರುವುದಿಲ್ಲ. ಅವುಗಳ ವೈಫೈ ಚಿಪ್‌ಗೆ ಬೇಕಾದ ಫೈಲ್ ಮುಚ್ಚಿದ್ದು. ಅದಕ್ಕೇ ಕಿತ್ತು ಹಾಕಿಸಿದ್ದೇವೆ.

"ವಕೀಲರಿಗೆ ಒಂದು ಮೇಲ್ ಕಳಿಸೋಕಾಗ್ತಿಲ್ಲ ಕಣೇ. ನಿನ್ನ ಮಡಿ ಇಟ್ಕೊಂಡು ನಾನೇನು ಮಾಡ್ಲಿ?"

"ಬೇರೆ ಸಿಸ್ಟಮ್ ಹಾಕ್ಕೋ."

"ಮನೆ ಕೊಟ್ಟ ಟ್ರಸ್ಟಿನವರು ನಿಮ್ಮ ಮುದ್ರೆನೇ ಬೇಕು ಅಂತಾರೆ. ಹೆಂಗಸರ ವಿಷ್ಯ, ಕದ್ದು ನೋಡೋದೇನೂ ಒಳಗಿರಬಾರದಂತೆ."

"ಸರಿಯಾಗೇ ಹೇಳಿದಾರೆ" ಎಂದೆ. ಫೋನ್ ಕುಕ್ಕಿದಳು.

ಮಾರ್ಚ್ 16

ಆ ವೈಫೈ ಫೈಲಿಗೆ ವಿನಾಯಿತಿ ಕೊಡಬೇಕೇ ಎಂದು ಸಮಿತಿಯಲ್ಲಿ ಜಗಳ. ಅಧ್ಯಕ್ಷರು — ರಿಟೈರ್ಡ್ ಲೆಕ್ಕದ ಮೇಷ್ಟ್ರು — ಜಪ್ಪಯ್ಯ ಅಂದರೂ ಬಗ್ಗಲಿಲ್ಲ. "ಒಂದೇ ಫೈಲ್ ಅಂತ ಬಿಟ್ರೆ ಅದು ಒಂದಾಗೇ ಇರಲ್ಲಮ್ಮಾ." ಅಕ್ಕ ಫೋನ್ ಕುಕ್ಕಿದ್ದು ಇನ್ನೂ ಕಿವಿಯಲ್ಲಿತ್ತು; ಕೊಡಬೇಕೆಂದು ವಾದ ಮಾಡಿದವಳು ನಾನು. ಬಳಸಲಾಗದ ಶುದ್ಧಿ ಯಾರಿಗೆ ಬೇಕು, ಎಂದೆ. ಒಂದು ವೋಟಿನಿಂದ ಗೆದ್ದೆವು. ಆ ವೋಟು ನನ್ನದು.

ನಮ್ಮ ತಪಾಸಣೆ ಪ್ರೋಗ್ರಾಮಿನ ವಿನಾಯಿತಿ ಪಟ್ಟಿಗೆ ಆ ಫೈಲಿನ ಹೆಸರು ಸೇರಿಸಿದೆ. ಈ ಹೆಸರು ಕಂಡರೆ ಸುಮ್ಮನಿರು. ಒಂದೇ ಸಾಲು. ಅಕ್ಕನಿಗೆ ಮುದ್ರೆಯೂ ಸಿಕ್ಕಿತು, ವೈಫೈಯೂ ಬಂತು. ಖುಷಿಯಾಯಿತು, ಸುಳ್ಳೇಕೆ.

ಜೂನ್ 21

ಎಷ್ಟು ದಿನವಾಯಿತು ಬರೆದು... ಅಕ್ಕನ ಆಶ್ರಯಮನೆಯೆದುರು ಎರಡು ದಿನದಿಂದ ಒಂದು ಬಿಳಿ ಕಾರು ನಿಲ್ಲುತ್ತಿದೆಯಂತೆ. "ಯಾರೋ ಬಾಡಿಗೆ ಮನೆ ಹುಡುಕ್ತಿರ್ಬೇಕು" ಎಂದಳು. ಅಕ್ಕ ಹಾಗೆಲ್ಲ ಸಮಾಧಾನ ಹೇಳಿಕೊಳ್ಳುವವಳಲ್ಲ.

ಜೂನ್ 23, ಬೆಳಿಗ್ಗೆ 10

ಕಾರಿನವನು ಗೇಟಿಗೇ ಬಂದನಂತೆ. ನಾಲ್ಕನೇ ಕೋಣೆಯವಳ ಗಂಡ. ಅಕ್ಕ ಅವಳಿಗಿಟ್ಟ ಹೊಸ ಹೆಸರು ಹಿಡಿದು ಕೇಳಿದನಂತೆ, ನಗುತ್ತ. ಆ ಹೆಸರು ಮನೆಯೊಳಗಿನವರ ಬಾಯಲ್ಲಿದೆ, ಲ್ಯಾಪ್‌ಟಾಪಿನಲ್ಲಿದೆ. ಬೇರೆಲ್ಲೂ ಇಲ್ಲ.

11.30

ಆ ವೈಫೈ ಫೈಲಿನ ಸೈಜ್ ನೋಡಿದೆ. ಮಾರ್ಚ್‌ನಲ್ಲಿದ್ದದ್ದರ ಮೂರು ಪಟ್ಟು. ಏಪ್ರಿಲ್ ಅಪ್‌ಡೇಟ್‌ನಲ್ಲಿ ಬದಲಾಗಿದೆ. ಹೆಸರು ಮಾತ್ರ ಅದೇ. ಪ್ರೋಗ್ರಾಮ್ ತುಟಿಪಿಟಕ್ಕೆನ್ನಲಿಲ್ಲ — ಹೆಸರು ಕಂಡರೆ ಸುಮ್ಮನಿರು ಎಂದವಳು ನಾನೇ. ಪಟ್ಟಿಯಲ್ಲಿ ಹೆಸರಿನ ಜೊತೆ ಸೈಜನ್ನೂ ಬರೆದಿಡಬೇಕಿತ್ತು. ಕಲ್ಲು ಹುಡುಕುವವಳು ಹೆಸರು ನೋಡಿ ಒಳಗೆ ಬಿಟ್ಟೆ.

ಅವನಿಗೆ ಹೆಸರು ಹೇಳಿದ್ದು ಈ ಫೈಲೇನಾ? ಯಾರಾದರೂ ಬಾಯಿಬಿಟ್ಟರಾ? ಗೊತ್ತಿಲ್ಲ. ಒಳಗೆ ನೋಡಲಾಗದ ಮೇಲೆ ಗೊತ್ತಾಗುವುದೂ ಇಲ್ಲ. ಹೆದರಿಕೆಯಾಗುತ್ತಿದೆ.

12.15

ಅಕ್ಕನಿಗೆ ಹೇಳಿದೆ — ಲ್ಯಾಪ್‌ಟಾಪ್ ಎಲ್ಲ ಆಫ್ ಮಾಡು.

"ಮಾಡ್ತೀನಿ ಬಿಡೇ. ಅವಳನ್ನ ಈಗ ತಾನೇ ಹಿಂದಿನ ಬಾಗಿಲಿಂದ ವ್ಯಾನ್ ಹತ್ತಿಸ್ದೆ. ಬೇರೆ ಮನೆಗೆ."

"ಆ ಕಾರು?"

"ಅದಕ್ಕೂ ಮುಂಚೆನೇ ಹೋಯ್ತು. ಪೀಡೆ ತೊಲಗ್ತು."

"ಡ್ರೈವರ್‌ಗೆ ಆ ಮನೆ ವಿಳಾಸ ಹೇಗೆ ಕೊಟ್ಟೆ, ಅಕ್ಕ?"



"ಬೆಳಿಗ್ಗೆನೇ ಟೈಪ್ ಮಾಡಿ ಕಳಿಸಿದ್ದೆ ಕಣೇ. ಲ್ಯಾಪ್‌ಟಾಪಿಂದ."

1.20

ನಲವತ್ತು ನಿಮಿಷದ ದಾರಿ. ಹೊರಟು ಒಂದು ಗಂಟೆ ದಾಟಿತು. ಡ್ರೈವರ್ ಫೋನ್ ಎತ್ತುತ್ತಿಲ್ಲ. ಗಾಡಿ ಓಡಿಸುವಾಗ ಎತ್ತಕೂಡದು ಅಂತ ಅಕ್ಕನದೇ ಕಟ್ಟಪ್ಪಣೆಯಂತೆ. ಅಕ್ಕ ಅಳುತ್ತಿದ್ದಾಳೆ. ನಾನು ಫೋನ್ ಮಾಡುತ್ತಲೇ ಇದ್ದೇನೆ. ಇಷ್ಟು ಹೊತ್ತು ರಿಂಗ್ ಆಗುತ್ತಿತ್ತು. ಈಗ ರಿಂಗ್ ಕೂಡ ಇಲ್ಲ.