ಕುಂಚಿಗೆಯೊಳಗಿನ ಮುಖ

ಖಾನಾಪುರ, 3-11-1979, ಶನಿವಾರ

ನಾನು ಶಿವಬಸವ್ವ. ಹಂಚಿನ ಕಾರ್ಖಾನೆಯವರ ಮನೆ ಎಂದರೆ ಸಾಕು, ಖಾನಾಪುರ ಸ್ಟೇಷನ್ನಿನ ಟಾಂಗಾದವನು ದಾರಿ ಕೇಳದೆ ತಂದು ಬಿಡುತ್ತಾನೆ. ಯಜಮಾನರು ಹೋದ ಮೇಲೆ ಭಟ್ಟಿಗೆ ಬೆಂಕಿ ಯಾವಾಗ, ಯಾವ ಮನೆಯ ಹೆಣ್ಣು ತರುವುದು—ಎಲ್ಲ ನನ್ನದೇ ಮಾತು. ಮ್ಯಾಟ್ರಿಕ್ ಪಾಸು. ಯಾರೂ ಓದುವುದಿಲ್ಲವಾದರೂ ಬರೆದಿರಲಿ.

ನಾಳೆ ಬೆಳಗಾವಿಯ ಹಿಂದವಾಡಿಯಲ್ಲಿ ತೊಟ್ಟಿಲು. ಸೊಸೆ ಕಾಂತಾ ತವರಿನಲ್ಲಿ ಹಡೆದಿದ್ದಾಳೆ. ಹೆಣ್ಣು. ಇನ್ನೂ ನೋಡಿಲ್ಲ. ಬೀಗರು ತೊಟ್ಟಿಲಿಗೆ ಕರೆದಾಗಲೇ ಅತ್ತೆ ಕೂಸಿನ ಮುಖ ನೋಡುವುದು ನಮ್ಮ ಮನೆಯ ರೂಢಿ. ಮಗ ಬಸಲಿಂಗ ಹೋಗಿ ಬಂದಿದ್ದಾನೆ. ಹೇಗಿದ್ದಾಳೆ ಎಂದರೆ "ಸಣ್ಣಾಕಿ ಅದಾಳವ್ವಾ" ಎನ್ನುತ್ತಾನೆ. ಅಷ್ಟೇ. ಗಂಡಸರಿಗೆ ಕೂಸು ನೋಡಲು ಬರುವುದಿಲ್ಲ.

ಬೆಳ್ಳಿ ಉಡದಾರ, ಖಣ, ಒಣಕೊಬ್ಬರಿ ಕಟ್ಟಿಟ್ಟೆ.

ಹಿಂದವಾಡಿ, 4-11-1979, ರವಿವಾರ

 

ಕೂಸಿಗೆ ತಲೆಯಿಂದ ಬೆನ್ನಿಗೆ ಇಳಿಯುವ ಕುಂಚಿಗೆ ಹಾಕಿ ತಂದರು. ಟೊಪ್ಪಿಗೆ ಹುಬ್ಬಿನವರೆಗೆ ಎಳೆದಿತ್ತು. ಕೈಗೆ ಬಟ್ಟೆ ಸುತ್ತಿತ್ತು. ತುಟಿಗೆ ಕುಂಕುಮ ಸವರಿದ್ದರು. ಇದೇನು ಎಂದೆ. "ದೃಷ್ಟಿ ಆಗಬಾರದಂತ್ರೀ ಅಕ್ಕಾರ" ಎಂದಳು ಕಾಂತಾಳ ತಾಯಿ ಸಂಗವ್ವ. ನಂಬಿದೆ.

ನನ್ನ ಮಗಳು ಸತ್ಯವ್ವ ಸೋದರತ್ತೆಯಾಗಿ ಕಿವಿಯಲ್ಲಿ ಹೆಸರು ಹೇಳಿದಳು—ಕಾಶವ್ವ, ನಮ್ಮ ಅತ್ತೆಯ ಹೆಸರು. ಹೆಸರಿಟ್ಟವಳಿಗೆ ಗುದ್ದುವ ರೂಢಿಯಂತೆ ಹೆಂಗಸರು ಅವಳ ಬೆನ್ನಿಗೆ ಮುಗಿಬಿದ್ದರು. "ಮೆತ್ತಗ ಗುದ್ದಿದ್ರ ಹೆಸರ ಒಳಗ ಇಳಿಯೂದಿಲ್ರೇ, ಜೋರ ಹಾಕ್ರಿ!" ನಗೆಯೋ ನಗೆ. ಗದ್ದಲಕ್ಕೆ ಕೂಸು ಬೆಚ್ಚಿತು. ಅತ್ತಿತು. ಸೆಕೆಯಾಗಿರಬೇಕು ಎಂದು ಕುಂಚಿಗೆ ತೆಗೆದೆ.

ಮಸಿ. ಅತ್ತ ಮುಖದ ತುಂಬ ನೀಲಿ ಮಸಿ ಚೆಲ್ಲಿದ ಹಾಗೆ. ಕೈಯ ಬಟ್ಟೆ ಬಿಚ್ಚಿದೆ, ಉಗುರೂ ಹಾಗೇ. ಕುಂಕುಮ ಒರೆಸಿದೆ. ಕೆಳಗೆ ನೇರಳೆಹಣ್ಣು ತಿಂದಂಥ ತುಟಿ. ಜೋಗುಳ ನಿಂತಿತು.

"ಮೊದಲs ತಿಳದಿತ್ರಿ..." ಎಂದಳು ಸಂಗವ್ವ.

"ಯಾಕ ಹೇಳಲಿಲ್ಲ?"

"ನಿಮಗ ಅಂಜಿ. ಇಂಥಾ ಕೂಸ ಹಡದಾಳಂತ ಕಾಂತಾನ್ನ ಇಲ್ಲೇ ಬಿಟ್ಟಬಿಡ್ತೀರಿ ಅಂತ..."

ಬಸಲಿಂಗನ ಕಡೆ ನೋಡಿದೆ. ಅವನು ನೆಲ ನೋಡಿದ. ಅವನಿಗೂ ಗೊತ್ತಿತ್ತು. ನನ್ನ ಮಗನಿಗೆ.

5-11-1979, ಸೋಮವಾರ

ಕೂಸನ್ನು ಬೆಳಗಾವಿ ಕ್ಯಾಂಪಿನ ಡಾಕ್ಟರ್ ಮಧುಕರರಾವ್ ಅವರಲ್ಲಿ ಒಯ್ದೆವು. ಮಿಲಿಟರಿಯಿಂದ ನಿವೃತ್ತರು. ಬಹಳ ಹೊತ್ತು ಕೂಸಿನ ಎದೆಗೆ ನಳಿಕೆ ಹಚ್ಚಿ ಕೇಳಿದರು. ಅಷ್ಟು ಹೊತ್ತು ಕೇಳುವಂಥದ್ದು ಅಂಗೈಯಗಲದ ಎದೆಯಲ್ಲಿ ಏನಿರುತ್ತದೆ?

"ಹೃದಯದ ನಡು ಗ್ವಾಡಿಗೆ ತೂತ ಐತ್ರಿ ಬಾಯೀ. ಪುಪ್ಪುಸಕ್ಕ ರಕ್ತ ಹೋಗೋ ದಾರೀನೂ ಇಕ್ಕಟ್ಟು. ಅದಕ್ಕs ನೀಲಿ."

"ಔಷಧ ಕೊಡ್ರಿ."

"ತೂತಿಗೆ ಔಷಧ ಇಲ್ಲ. ವೆಲ್ಲೂರಿಗೆ ಒಯ್ಯಬೇಕು. ಆಪರೇಶನ್. ಲಗೂನ."

ನಮ್ಮ ಮನೆತನದಲ್ಲಿ ಇಂಥದ್ದು ಯಾರಿಗೂ ಇಲ್ಲ ಎಂದೆ. "ನಿಮ್ಮ ಮನೆತನ ಯಾರ ಎದಿ ತಗದ ನೋಡೈತ್ರಿ?" ಎಂದರು. ನನ್ನೆದುರು ಹೀಗೆ ಮಾತಾಡಿದವರಿಲ್ಲ. ಬದುಕುತ್ತದೆಯೇ ಎಂದು ಕೇಳಿದೆ.

"ಒಯ್ದರ ಏನಾಗತೈತಿ, ಹೇಳಾಕ ಆಗೂದಿಲ್ಲ. ಒಯ್ಯಲಿಲ್ಲಂದ್ರ ಹೇಳಬಹುದು."

ನೀಲಿಗಟ್ಟಿದಾಗ ಮೊಣಕಾಲು ಮಡಚಿ ಎದೆಗೆ ಒತ್ತಿ ಹಿಡಿಯಲು ಕಾಂತಾಳಿಗೆ ತೋರಿಸಿಕೊಟ್ಟರು. ನೋಡಲಾಗಲಿಲ್ಲ. ಗೋಡೆಯ ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿದೆ.

ಖಾನಾಪುರ, 8-11-1979

ಯಜಮಾನರ ಅಕ್ಕ ಭೀಮಕ್ಕ ಬಂದಿದ್ದಾರೆ. ವೆಲ್ಲೂರು ಎಂದ ಕೂಡಲೇ ಹಣೆ ಬಡಿದುಕೊಂಡರು. "ಐದ ತಿಂಗಳ ತುಂಬೂಮಟಾ ಬಾಣಂತಿ ತವರಮನಿ ಬಿಟ್ಟು ಹೊಳಿ ದಾಟತಾಳೇನs? ಇಬ್ಬರನೂ ಕಳಕೋತಿ ನೋಡು."

ರೂಢಿ ಖರೆ. ನಾನೂ ದಾಟಿರಲಿಲ್ಲ. ಸತ್ಯವ್ವನನ್ನೂ ದಾಟಿಸಿರಲಿಲ್ಲ.

"ಐದ ತಿಂಗಳ ತುಂಬಲಿ. ಆಮ್ಯಾಲೆ ನೋಡೂಣು" ಎಂದೆ. ನನ್ನ ಮಾತಿನ ಮೇಲೆ ಮಾತಿಲ್ಲ. ಬಸಲಿಂಗ ಅರ್ಧ ರೊಟ್ಟಿ ಬಿಟ್ಟು ಎದ್ದುಹೋದ.

22-11-1979, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ, ಅಥವಾ... ಇರಲಿ.

ಮಧ್ಯಾಹ್ನ ಒಲೆಯ ಮೇಲೆ ಬೆಲ್ಲ-ರವೆಯ ಸಜ್ಜಕ ಕೆದಕುತ್ತಿದ್ದೆ. ಬಾಗಿಲಲ್ಲಿ ನೆರಳು. ತಿರುಗಿದೆ. ಕಾಂತಾ! ಕಿವಿಗೆ ಸ್ಕಾರ್ಫು ಕಟ್ಟಿಕೊಂಡು, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಒಬ್ಬಳೇ. ಹಸಿ ಬಾಣಂತಿ, ಕೆಂಪು ಬಸ್ಸಿನಲ್ಲಿ. ತೊಟ್ಟಿಲ ಮಗುವಿನೊಡನೆ ಸೊಸೆ ಮನೆಗೆ ಬರುವಾಗ ಆರತಿ, ಅನ್ನ ನಿವಾಳಿಸುವುದು, ಬೀಗರ ಬುತ್ತಿ ಎಲ್ಲ ಇರುತ್ತದೆ. ನನ್ನ ಕೈಯಲ್ಲಿ ಸೌಟು ಇತ್ತು.

"ನಿಮ್ಮ ಮಾತ ಮೀರಿ ಬಂದೀನ್ರಿ ಅತ್ತಿಯವರ. ಬೈಯ್ರಿ. ಆದ್ರ ಭಾಳ ಹೊತ್ತ ಬೈಯ್ಯಾಕ ಟೈಮ್ ಇಲ್ರಿ."

ಈ ಹುಡುಗಿ ನನ್ನೆದುರು ತಲೆಯೆತ್ತಿದ್ದೇ ಇಲ್ಲ.

"ನಿನ್ನಿ ಕೂಸ ಕೈಯಾಗs ಸೋತಬಿಡ್ತರಿ. ಅವ್ವ ಅಳಕೋತ ಕುಂತ್ಲು. ನಾ ಮೊಣಕಾಲ ಎದೀಗೆ ಒತ್ತಿ ಹಿಡದೆ, ತಿರಿಗಿ ಬಂತು. ಮುಂದಿನ ಸಲ ಬರಲಿಲ್ಲಂದ್ರ? ಐದ ತಿಂಗಳ ಇದು ಕಾಯೂದಿಲ್ರಿ. ನೀವು ಒಲ್ಲೆ ಅಂದ್ರ ಒಬ್ಬಾಕಿನs ಹೋಗ್ತೀನಿ. ಯಾವ ಗಾಡಿ, ಅಷ್ಟ ಹೇಳ್ರಿ."

ಒಳಗಿನಿಂದ ಭೀಮಕ್ಕ ಕೂಗಿದರು. "ಬಂದ ಬಸ್ಸಿಗೇ ತಿರಿಗಿ ಕಳಸು! ಸೂತಕದಾಕಿ ಹೊಸ್ತಿಲಾ ದಾಟಬಾರದು!"

"ಲಿಂಗ ಕಟ್ಟಿದ ಮೈಗೆ ಎಲ್ಲೀ ಸೂತಕ ಭೀಮಕ್ಕಾ?"

ಹೇಳಿದ್ದು ನಾನು. ಧ್ವನಿ ಕೇಳಿ ನನಗೇ ದಿಗಿಲಾಯಿತು. ಸಜ್ಜಕ ತಳ ಹಿಡಿದ ವಾಸನೆ. ಯಾರೂ ಇಳಿಸಲು ಹೋಗಲಿಲ್ಲ.

"ಒಳಗ ಬಾ" ಎಂದೆ ಕಾಂತಾಳಿಗೆ. "ಮದಲ ಉಣ್ಣು."

23-11-1979, ಶುಕ್ರವಾರ, ಗಾಡಿಯಲ್ಲಿ

ಕುಲುಕಾಟದಲ್ಲಿ ಬರೆಯುತ್ತಿದ್ದೇನೆ. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಬೇಕು. ಆಮೇಲೆ ಬೆಂಗಳೂರು. ಅದರಾಚೆ ನಾನು ಎಂದೂ ಹೋಗಿಲ್ಲ.

ಬೆಳಿಗ್ಗೆ ಬಸಲಿಂಗ ಅಂಗಳದಲ್ಲಿ ನಿಂತೇ ಇದ್ದ. "ಬರ್ತೀಯೋ? ಇಲ್ಲಾ ಹಂಚ ಎಣಸಕೋತ ಕುಂದರತೀಯೋ?" ಎಂದೆ. ಟ್ರಂಕು ಹೊತ್ತು ಮುಂದೆ ನಡೆದ, ಅಷ್ಟು ಬೇಗ! ನಾನು ಕೇಳಲಿ ಎಂದೇ ಕಾಯುತ್ತಿದ್ದನೇ?

ಭೀಮಕ್ಕ ಬಾಗಿಲಿಗೆ ಅಡ್ಡ ನಿಂತರು. "ಐದ ತಿಂಗಳಂದಾಕಿ ನೀನs. ಈಗ ಮುರಿಯಾಕೀನೂ ನೀನs?"

"ಹೂಂ, ನಾನs. ಬಾಜೂಕ ಸರೀರಿ, ಗಾಡಿ ತಪ್ಪತೈತಿ."

ಮಲಪ್ರಭೆ ದಾಟುವಾಗ ಕಾಂತಾ ಕಣ್ಣು ಮುಚ್ಚಿಕೊಂಡಳು. ನಾನು ಮುಚ್ಚಲಿಲ್ಲ.

ಎದುರಿನ ಸೀಟಿನ ಹೆಂಗಸು ಕೇಳಿದಳು—ತುಟಿ ಯಾಕ್ರೀ ಹಿಂಗ? ಹೃದಯಕ್ಕೆ ತೂತಿದೆ, ಆಪರೇಶನ್ನಿಗೆ ಒಯ್ಯುತ್ತಿದ್ದೇವೆ ಎಂದೆ. ಬೋಗಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ.

ಲೋಂಡಾ ಆಯಿತು. ಕಾಂತಾ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದಾಳೆ. ಕಾಶವ್ವ ನನ್ನ ತೊಡೆಯ ಮೇಲೆ. ತೂಕವೇ ಇಲ್ಲ. ಈಗ ಮುಖ ಕಿವುಚುತ್ತಿದ್ದಾಳೆ, ಅಳುತ್ತಾಳೆ, ತುಟಿ ನೀಲಿಗಟ್ಟುತ್ತಿದೆ. ಕಾಂತಾಳನ್ನು ಎಬ್ಬಿಸುವುದಿಲ್ಲ, ಮೊಣಕಾಲು ಮಡಚಿ ಎದೆಗೆ ನಾನೇ—