ತಮ್ಮನಿಗೆ ಹೊಲಿಗೆ ಯಂತ್ರ

ಮೊಮ್ಮಗಳೇ,

ಗುಜರಿಗೆ ಹೊರಟಿದ್ದ ಹೊಲಿಗೆ ಯಂತ್ರವನ್ನು ನಾನು ಹುಡುಗಿಯಾಗಿದ್ದಾಗ ಪೂರ್ತಿ ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಜೋಡಿಸಿ ಓಡಿಸಿದೆ. ಆಗ ಬಾಗಿಲಲ್ಲಿ ನಿಂತು, "ಬಿಚ್ಚೋಕೆ ಎಲ್ಲರಿಗೂ ಬರುತ್ತೆ ಅಕ್ಕಾ, ಜೋಡಿಸು ನೋಡೋಣ" ಎಂದು ಹಲ್ಲು ಕಿರಿದವನು ನನ್ನ ತಮ್ಮ. ಈಗ ವಿದೇಶದಲ್ಲಿ ಕುಳಿತು, ಸರಿಮಾಡಿದ್ದು ತಾನೇ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು, ತನ್ನ ಹಜಾರದಲ್ಲಿಡಲು ಕಳಿಸು ಎನ್ನುತ್ತಾನೆ. ಧಾರಾಳವಾಗಿ ಕಳಿಸೋಣ.

ನಾನು ಕಣ್ಣಿನ ವೈದ್ಯರಲ್ಲಿಗೆ ಹೊರಟೆ. ಸರಕು ಸಾಗಿಸುವವರು ಬಂದರೆ ವಿಮಾನದ ಮಾತೆತ್ತಬೇಡ. ಭಾರದ ಸಾಮಾನಿಗೆ ಹಡಗೇ ಅಗ್ಗ. ಹಲವರ ಸಾಮಾನು ಸೇರಿಸಿ ಒಯ್ಯುವ ಕಂಟೇನರಿನಲ್ಲಿ ತೂಕಕ್ಕಿಂತ ಜಾಗಕ್ಕೇ ಬಾಡಿಗೆ. ಆದ್ದರಿಂದ ಯಂತ್ರವನ್ನು ಕೊನೆಯ ತಿರುಪಿನವರೆಗೂ ಬಿಚ್ಚಿ ಸಣ್ಣ ಪೆಟ್ಟಿಗೆಯಲ್ಲಿ ಅಡಕವಾಗಿ ತುಂಬಿದ್ದೇನೆ. ಒಂದು ಬಿಡಿಭಾಗವೂ ತಪ್ಪಿಲ್ಲ. ಜೋಡಿಸುವ ಕ್ರಮವನ್ನು ಮಾತ್ರ ಬರೆದಿಟ್ಟಿಲ್ಲ. ಸರಿಮಾಡಿದ ಮಹಾನುಭಾವನಿಗೆ ಅದರ ಹಂಗೇಕೆ? ಮುಂದೆ ಅವನು ಫೋನ್ ಮಾಡಿ ಕೇಳಿದರೆ, ಅಜ್ಜಿ ಮನೆಯಲ್ಲಿಲ್ಲ ಎನ್ನು.

ಹಾಲು ಆರಿದ ಮೇಲೆ ಮುಚ್ಚಿಡು. ಕಿಟಕಿಯಲ್ಲಿ ಬೆಕ್ಕು ಕಾಯುತ್ತಿದೆ.

ಅಜ್ಜಿ

(ಕೆಳಗೆ, ಮೊಮ್ಮಗಳ ಕೈಬರಹದಲ್ಲಿ)

ಅಜ್ಜಿ, ಪೆಟ್ಟಿಗೆ ಹಡಗಿಗೇ ಕೊಟ್ಟು ಕಳಿಸ್ದೆ. ಗೆಳತಿ ಮನೆಗೆ ಹೋಗಿ ಬರ್ತೀನಿ. ಸಂಜೆ ಆ ಯಂತ್ರ ಜೋಡಿಸಿದ ಕಥೆ ಇನ್ನೊಂದು ಸಲ ಹೇಳ್ಬೇಕು. ಚಿಕ್ಕಜ್ಜ ಹಲ್ಲು ಕಿರಿದದ್ದನ್ನ ಮಾತ್ರ ಬಿಡಬೇಡಿ.